ಬನವಾಸಿಯ ಹಂಬಲವೂ ನಿದಾನಶಲ್ಯವೂ

ಜಿನಾಗಮವು ಹೇಳುವ ಶಲ್ಯಗಳು ಮೂರು: ಮಾಯೆ, ಮಿಥ್ಯಾತ್ವ, ನಿದಾನ. ಶಲ್ಯವೆಂದರೆ ಮುಳ್ಳು. ಅಂಗಾಲಿನಲ್ಲಿ ಹೊಕ್ಕು ಮುರಿದುಳಿದ ಮುಳ್ಳು ಹೊರಗೆ ಕಾಣದಿದ್ದರೂ ಹೆಜ್ಜೆಹೆಜ್ಜೆಗೂ ನೋಯಿಸುವಂತೆ, ಇವು ಒಳಗಿದ್ದುಕೊಂಡೇ ವ್ರತಿಯನ್ನು ಮುನ್ನಡೆಯಗೊಡುವುದಿಲ್ಲ. ಆದುದರಿಂದಲೇ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಶಲ್ಯರಹಿತನಾದವನನ್ನೇ ವ್ರತಿಯೆಂದು ಕರೆದರು. ಈ ಮೂರರಲ್ಲಿ ಮೊದಲಿನ ಎರಡು ನಮಗೆ ಸುಲಭವಾಗಿ ಅರ್ಥವಾಗುತ್ತವೆ. ಮೂರನೆಯದಾದ ನಿದಾನವನ್ನು ಕುರಿತು ಸ್ವಲ್ಪ ಗೊಂದಲವುಂಟು. ದಿನಬಳಕೆಯ ‘ನಿಧಾನ’ಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ, ಅಕ್ಷರವೂ ಬೇರೆ, ಅರ್ಥವೂ ಬೇರೆ. ಮುಂದಿನ ಜನ್ಮದಲ್ಲಿ ಇಂಥ ಭೋಗ ದೊರೆಯಲಿ, ಇಂಥ ಪದವಿ ಲಭಿಸಲಿ, ಇಂಥಲ್ಲಿ ಹುಟ್ಟುವಂತಾಗಲಿ ಎಂದು ಚಿತ್ತವನ್ನು ಕಟ್ಟಿಹಾಕಿಕೊಳ್ಳುವುದೇ ನಿದಾನ. ಅದು ಆರ್ತಧ್ಯಾನದ ನಾಲ್ಕು ಭೇದಗಳಲ್ಲಿಯೂ ಒಂದು. ಆರ್ತಧ್ಯಾನದ ಫಲವು ತಿರ್ಯಂಚಗತಿಯೆಂದು ಆಚಾರ್ಯರು ಹೇಳುತ್ತಾರೆ.

ಹೀಗಿರುವಾಗ, ಕನ್ನಡ ಜೈನಕವಿಗಳಲ್ಲಿ ಅಗ್ರಗಣ್ಯನಾದ ಪಂಪನು ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಬನವಾಸಿಯನ್ನು ನೆನೆಯುವ ಪದ್ಯಗಳನ್ನು ನಾವು ಹೇಗೆ ಓದಬೇಕು? ಶಾಲೆಯಲ್ಲಿ ಆ ಪದ್ಯಗಳನ್ನು ಬಾಯಿಪಾಠ ಮಾಡದ ಕನ್ನಡಿಗರು ವಿರಳ. ತೆಂಗಾಳಿ ಸೋಕಿದಾಗ, ಒಳ್ಳೆಯ ಮಾತು ಕಿವಿಗೆ ಬಿದ್ದಾಗ, ಇಂಪಾದ ಹಾಡು ಕೇಳಿದಾಗ, ಬಿರಿದ ಮಲ್ಲಿಗೆಯನ್ನು ಕಂಡಾಗ, ಅಂಕುಶವಿಕ್ಕಿ ತಡೆದರೂ ತನ್ನ ಮನಸ್ಸು ಬನವಾಸಿ ನಾಡನ್ನೇ ನೆನೆಯುವುದೆಂದು ಕವಿ ಹೇಳುತ್ತಾನೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಆ ನಾಡಿನಲ್ಲಿ ಮನುಷ್ಯನಾಗಿ ಹುಟ್ಟಬೇಕು. ಅದು ಆಗದಿದ್ದರೆ ಅಲ್ಲಿಯ ನಂದನವನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಆದರೂ ಹುಟ್ಟಬೇಕು ಎನ್ನುತ್ತಾನೆ.

ತತ್ತ್ವವನ್ನು ಬಲ್ಲ ಶ್ರಾವಕನು ಇಲ್ಲಿ ಬೆಚ್ಚಬೇಕು. ದುಂಬಿಯು ಚತುರಿಂದ್ರಿಯ ಜೀವಿ. ಇಂದ್ರಿಯಗಳ ಲೆಕ್ಕವನ್ನು ಹೇಳುವಾಗ ಸೂತ್ರಕಾರರು ನಾಲ್ಕು ಇಂದ್ರಿಯಗಳಿಗೆ ಕೊಟ್ಟ ಉದಾಹರಣೆಯೇ ಭ್ರಮರ. ಕೋಗಿಲೆ ಪಂಚೇಂದ್ರಿಯವಾದರೂ ತಿರ್ಯಂಚವೇ. ಅನಂತಕಾಲ ಸುತ್ತಿ ಬಂದು, ಸಮುದ್ರದಲ್ಲಿ ಬಿದ್ದ ರತ್ನವು ಮರಳಿ ಸಿಕ್ಕಿದಷ್ಟು ದುರ್ಲಭವಾಗಿ ದೊರೆತ ಮನುಷ್ಯಜನ್ಮವನ್ನು ಪಡೆದವನು, ಅದರಲ್ಲಿಯೂ ಜಿನಧರ್ಮವನ್ನು ಪಡೆದವನು, ದುಂಬಿಯಾಗಿ ಹುಟ್ಟುವೆನೆಂದು ಬಯಸುವುದೆಂದರೆ ಏನು? ನಮ್ಮ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ಅಪರಂಜಿಯನ್ನು ಕೊಟ್ಟು ಹಿತ್ತಾಳೆಯನ್ನು ಕೇಳಿದಂತಲ್ಲವೇ?

ಇದಕ್ಕೆ ಎರಡು ಸುಲಭವಾದ ಉತ್ತರಗಳುಂಟು. ಪಂಪನು ತನ್ನ ಕೃತಿಗಳ ಉದ್ದೇಶವನ್ನು ತಾನೇ ವಿಂಗಡಿಸಿ, ಭಾರತದಲ್ಲಿ ಲೌಕಿಕವನ್ನೂ ಆದಿಪುರಾಣದಲ್ಲಿ ಜಿನಾಗಮವನ್ನೂ ಬೆಳಗುವೆನೆಂದಿದ್ದಾನೆ. ಬನವಾಸಿಯ ಪದ್ಯಗಳು ಲೌಕಿಕ ಕಾವ್ಯದವು, ಅವುಗಳಿಗೆ ಆಗಮದ ತಕ್ಕಡಿ ಏಕೆ, ಎಂಬುದು ಒಂದು. ಆ ಮಾತು ತೀರ್ಥಯಾತ್ರೆಗೆ ಹೊರಟ ಅರ್ಜುನನದು, ಕವಿಯದಲ್ಲ, ಎಂಬುದು ಇನ್ನೊಂದು. ಎರಡೂ ನನಗೆ ಒಪ್ಪಿಗೆಯಾಗುವುದಿಲ್ಲ. ಅಂಗಡಿಗೆ ಒಂದು ಆತ್ಮ, ಬಸದಿಗೆ ಒಂದು ಆತ್ಮ ಎಂದು ಎರಡನ್ನು ಯಾರೂ ಇಟ್ಟುಕೊಂಡಿಲ್ಲ; ಕವಿಗೂ ಅಷ್ಟೆ. ಇನ್ನು ಅರ್ಜುನನ ಬಾಯಲ್ಲಿ ಬಂದರೂ ಆ ದನಿ ಯಾರದೆಂಬುದು ಓದಿದವರಿಗೆ ತಿಳಿಯುತ್ತದೆ. ಪಂಪನು ಆಶ್ರಯ ಪಡೆದದ್ದು ಈಗಿನ ತೆಲಂಗಾಣದಲ್ಲಿರುವ ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿಯಲ್ಲಿ. ಬನವಾಸಿಯಿರುವುದು ಉತ್ತರಕನ್ನಡ ಜಿಲ್ಲೆಯ ಶಿರಸಿ ತಾಲೂಕಿನಲ್ಲಿ, ವರದಾ ನದಿಯ ದಡದಲ್ಲಿ. ಬಯಲುಸೀಮೆಯ ಬಿಸಿಲಿನಲ್ಲಿ ಕುಳಿತು ಮಲೆನಾಡಿನ ಅಂಚಿನ ತಂಪನ್ನು ನೆನೆದವನ ದನಿ ಅದು. ಅವನ ಜಿನಭಕ್ತಿಯಲ್ಲಿ ಸಂದೇಹಕ್ಕೆ ಎಡೆಯಿಲ್ಲ. ತಂದೆ ಭೀಮಪಯ್ಯನು ಬ್ರಾಹ್ಮಣ್ಯದಿಂದ ಜಿನಧರ್ಮಕ್ಕೆ ಬಂದವನು; ತಮ್ಮ ಜಿನವಲ್ಲಭನು ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದ ಬಂಡೆಯ ಮೇಲೆ ಕೆತ್ತಿಸಿದ ಶಾಸನವು ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಆ ಮನೆತನದ ಧರ್ಮನಿಷ್ಠೆಯನ್ನು ಸಾರುತ್ತಿದೆ. ಅಂಥ ಮನೆಯವನು ದುಂಬಿಯ ಜನ್ಮವನ್ನು ಬಯಸಿದನೆಂಬುದನ್ನು ಹಾಗೆಯೇ ಎದುರಿಸಬೇಕು.

ಇದು ಕೇವಲ ಪಂಡಿತರ ಚರ್ಚೆಯೆಂದು ಯಾರೂ ಭಾವಿಸಬಾರದು. ನಮ್ಮ ಬಂಧುವರ್ಗದಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಎಂಬತ್ತು ದಾಟಿದ ಹಿರಿಯರೊಬ್ಬರು, ಮಲೆನಾಡಿನಲ್ಲಿ ಹುಟ್ಟಿ ವ್ಯಾಪಾರಕ್ಕಾಗಿ ಬಯಲುನಾಡಿಗೆ ಬಂದು ನೆಲೆಸಿದವರು, ಕಡೆಯ ವರ್ಷಗಳಲ್ಲಿ ಏಕಾಶನದಲ್ಲಿದ್ದರು. ಸಾಮಾಯಿಕ, ಸ್ವಾಧ್ಯಾಯಗಳನ್ನು ಎಂದೂ ತಪ್ಪಿಸಿದವರಲ್ಲ. ಹಾಸಿಗೆ ಹಿಡಿದ ಮೇಲೆ ಅವರಲ್ಲಿ ಒಂದೇ ಮಾತು: ಊರಿನ ತೋಟಕ್ಕೆ ಒಮ್ಮೆ ಕರೆದೊಯ್ಯಿರಿ, ಅಡಿಕೆಯ ಹಿಂಗಾರ ಒಡೆದ ಕಾಲದ ಆ ವಾಸನೆಯಲ್ಲಿ ಒಂದು ಗಳಿಗೆ ಕುಳಿತು ಬರುತ್ತೇನೆ. ಶಾಸ್ತ್ರ ಬಲ್ಲ ಅಳಿಯಂದಿರು, “ಮಾವನವರೇ, ಈ ವಯಸ್ಸಿನಲ್ಲಿ ಇಂಥ ಆಸೆ ನಿದಾನಶಲ್ಯವಾಗುತ್ತದೆ, ಣಮೋಕಾರವನ್ನು ನೆನೆಯಿರಿ,” ಎಂದು ವಿನಯದಿಂದಲೇ ಹೇಳಿದರು. ಆ ಹಿರಿಯರು ಮತ್ತೆ ಆ ಮಾತನ್ನು ಎತ್ತಲಿಲ್ಲ. ಮೂರು ವಾರಗಳ ಬಳಿಕ ತೀರಿಕೊಂಡರು. ಅವರು ಸುಮ್ಮನಾದದ್ದು ಶಾಂತಿಯಿಂದಲೋ, ಬಾಯಿ ಕಟ್ಟಿದ್ದರಿಂದಲೋ ಯಾರು ಹೇಳಬಲ್ಲರು? ಅಳಿಯಂದಿರ ಸದುದ್ದೇಶವನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಅವರು ಹೇಳಿದ ಶಾಸ್ತ್ರಾರ್ಥ ಸರಿಯೇ ಎಂಬುದನ್ನು ವಿಚಾರಿಸಬೇಕಾಗಿದೆ. ಏಕೆಂದರೆ ಇಂಥ ಪ್ರಸಂಗ ನಮ್ಮ ಎಷ್ಟೋ ಮನೆಗಳಲ್ಲಿ ಬರುತ್ತದೆ.

ಸಲ್ಲೇಖನೆಯ ಅತಿಚಾರಗಳು ಐದು: ಬದುಕುವ ಆಸೆ, ಬೇಗ ಸಾಯುವ ಆಸೆ, ಮಿತ್ರಾನುರಾಗ, ಹಿಂದೆ ಅನುಭವಿಸಿದ ಸುಖದ ಸ್ಮರಣೆಯಾದ ಸುಖಾನುಬಂಧ, ಮತ್ತು ನಿದಾನ. ಸೂತ್ರಕಾರರು ಸುಖಾನುಬಂಧವನ್ನೂ ನಿದಾನವನ್ನೂ ಬೇರೆಬೇರೆಯಾಗಿ ಎಣಿಸಿದ್ದಾರೆಂಬುದನ್ನು ಗಮನಿಸಬೇಕು. ಎರಡೂ ಒಂದೇ ಆಗಿದ್ದರೆ ಐದೇಕೆ, ನಾಲ್ಕೇ ಸಾಕಿತ್ತು. ಒಂದರ ಮುಖ ಹಿಂದಕ್ಕೆ, ಇನ್ನೊಂದರ ಮುಖ ಮುಂದಕ್ಕೆ. ನಿದಾನದಲ್ಲಿ ವ್ಯವಹಾರವಿದೆ: ನಾನು ಮಾಡಿದ ತಪಸ್ಸಿಗೆ, ಹಿಡಿದ ವ್ರತಕ್ಕೆ, ಕೊಟ್ಟ ದಾನಕ್ಕೆ ಪ್ರತಿಯಾಗಿ ಇಂಥದು ಬರಬೇಕು. ಧರ್ಮವನ್ನು ಜಮಾ ಮಾಡಿ ಭೋಗವನ್ನು ಖರ್ಚಿಗೆ ಬರೆದುಕೊಳ್ಳುವ ಖಾತೆ ಅದು. ನಾಲ್ಕು ದಶಕ ರೋಕಡವಹಿ ಬರೆದವನಿಗೆ ಈ ಭೇದ ಬೇಗ ಕಾಣುತ್ತದೆ. ಅಡಿಕೆಯ ಹಿಂಗಾರದ ವಾಸನೆಯನ್ನು ಬಯಸಿದ ಹಿರಿಯರು ಯಾವ ಪುಣ್ಯವನ್ನೂ ಅದಕ್ಕೆ ಅಡವಿಟ್ಟಿರಲಿಲ್ಲ. ಅದು ಹೆಚ್ಚೆಂದರೆ ಸುಖಾನುಬಂಧ. ಅದೂ ಸಲ್ಲೇಖನಾವ್ರತವನ್ನು ಸ್ವೀಕರಿಸಿದವನಿಗೆ ಅತಿಚಾರ. ಅವರಾದರೋ ಆ ವ್ರತವನ್ನು ಇನ್ನೂ ಸ್ವೀಕರಿಸಿದವರಲ್ಲ. ದೇಶವ್ರತಿಯಾದ ಗೃಹಸ್ಥನಲ್ಲಿ ಆರ್ತಧ್ಯಾನವಿರುವುದನ್ನು ಶಾಸ್ತ್ರವೇ ಒಪ್ಪಿಕೊಂಡಿದೆ. ಒಪ್ಪಿಕೊಂಡೇ ಅವನನ್ನು ಮುಂದಿನ ಗುಣಸ್ಥಾನಕ್ಕೆ ಕರೆಯುತ್ತದೆ.

ಈ ವಿವೇಕವನ್ನಿಟ್ಟುಕೊಂಡು ಪಂಪನ ಕಡೆಗೆ ತಿರುಗೋಣ. ಅವನು ಬನವಾಸಿಯ ಮನುಷ್ಯರನ್ನು ಹೊಗಳುವಾಗ ಎಣಿಸುವ ಗುಣಗಳಲ್ಲಿ ಮೊದಲನೆಯದು ಚಾಗ, ಎಂದರೆ ತ್ಯಾಗ. ಭೋಗ, ವಿದ್ಯೆ, ಗಾನ, ಗೋಷ್ಠಿಗಳೆಲ್ಲ ಅದರ ಬಳಿಕ. ಮಾವು ಮಲ್ಲಿಗೆಗಳ ಆಕರ್ಷಣೆಯಲ್ಲಿ ಈ ಮೊದಲ ಪದವನ್ನು ನಾವು ಮರೆತುಬಿಡುತ್ತೇವೆ. ಕೊಡುವುದನ್ನು ಬಲ್ಲ ಜನರಿರುವ ನಾಡಿನ ಮಲ್ಲಿಗೆ ಅದು. ಇನ್ನು ದುಂಬಿ, ಕೋಗಿಲೆ. ಆ ನಾಡಿನಲ್ಲಿ ತೋಟದ ಒಡೆಯನಾಗಿ ಹುಟ್ಟಬೇಕೆಂದು ಪಂಪನು ಕೇಳಲಿಲ್ಲ, ಅರಸನಾಗಬೇಕೆಂದೂ ಕೇಳಲಿಲ್ಲ. ತೋಟ ದುಂಬಿಯದಲ್ಲ, ಮರ ಕೋಗಿಲೆಯದಲ್ಲ. ಪರಿಗ್ರಹದ ಲಕ್ಷಣ ವಸ್ತುವಲ್ಲ, ಮೂರ್ಛೆ. ‘ನನ್ನದು’ ಎಂಬ ಮಮತ್ವ. ಬನವಾಸಿಯ ಪದ್ಯಗಳಲ್ಲಿ ರಾಗವಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಆ ರಾಗದಲ್ಲಿ ಒಡೆತನದ ಗಂಟು ಸಡಿಲಾಗಿದೆ.

ಪ್ರಕೃತಿಯ ವರ್ಣನೆಯನ್ನು ಓದಿದಾಗ ಹಂಬಲವೂ ಶಾಂತಿಯೂ ಒಟ್ಟಿಗೇ ಏಕೆ ಹುಟ್ಟುತ್ತವೆಂಬ ಪ್ರಶ್ನೆಗೆ ನನಗೆ ತೋರುವ ಉತ್ತರವೂ ಇದೇ. ಅಂಗಡಿಯಲ್ಲಿ ಕಂಡ ವಸ್ತು ಹಂಬಲವನ್ನು ಮಾತ್ರ ಹುಟ್ಟಿಸುತ್ತದೆ, ಏಕೆಂದರೆ ಅದನ್ನು ಕೊಳ್ಳಬಹುದು. ಕಾವ್ಯದ ಮಲ್ಲಿಗೆಯನ್ನು ಕೊಯ್ಯಲು ಬಾರದು, ಕೊಳ್ಳಲು ಬಾರದು, ಬೀಗ ಹಾಕಿ ಇಡಲು ಬಾರದು. ಕೈ ಚಾಚುವ ಮನಸ್ಸು ಚಾಚಲು ಏನೂ ಇಲ್ಲದೆ ಮೆಲ್ಲಗೆ ಹಿಂದಕ್ಕೆ ಬರುತ್ತದೆ. ಹಾಗೆ ಹಿಂದಿರುಗಿದ ಮನಸ್ಸಿನ ಸ್ಥಿತಿಯೇ ಶಾಂತಿ. ಆ ಹೂವಿನಲ್ಲಿ ಏಕೇಂದ್ರಿಯ ಜೀವದ ಹಿಂಸೆಯೂ ಇಲ್ಲ. ಉತ್ತರದ ತೇರಾಪಂಥದ ಪದ್ಧತಿಯಲ್ಲಿ ಕೇಸರಿ ಬಣ್ಣದ ಅಕ್ಷತೆಯನ್ನೇ ಪುಷ್ಪವೆಂದು ಅರ್ಪಿಸುತ್ತಾರೆ. ಕವಿಯ ಹೂವು ಅದಕ್ಕಿಂತಲೂ ಹಗುರ. ಮಧುತ್ಯಾಗವನ್ನು ಮೂಲಗುಣಗಳಲ್ಲಿ ಎಣಿಸಿ ಜೇನನ್ನು ನಾಲಗೆಗೆ ಸೋಕಿಸದ ನಾವು, ಕಾವ್ಯದಲ್ಲಿ ಮಾತ್ರ ದುಂಬಿಯ ಹಿಂದೆ ಹೂವಿಂದ ಹೂವಿಗೆ ಅಲೆಯುತ್ತೇವೆಂಬುದು ಸ್ವಾರಸ್ಯದ ಸಂಗತಿ.

ಆದರೆ ಇಷ್ಟಕ್ಕೇ ಪಂಪನನ್ನು ಬಿಡುಗಡೆ ಮಾಡಿದರೆ ಅವನ ಇನ್ನೊಂದು ಕಾವ್ಯಕ್ಕೆ ಅನ್ಯಾಯವಾಗುತ್ತದೆ. ಕ್ರಿ.ಶ. 941ರಲ್ಲಿ ಮುಗಿದ ‘ಆದಿಪುರಾಣ’ದಲ್ಲಿಯೂ ಒಂದು ದುಂಬಿಯಿದೆ. ಪುಂಡರೀಕಿಣಿಯ ಚಕ್ರವರ್ತಿ ವಜ್ರದಂತನ ಕೈಗೆ ಕಮಲವೊಂದು ಬರುತ್ತದೆ. ಪರಿಮಳಕ್ಕೆ ಮುಖವನ್ನು ಬಾಗಿಸಿದ ಅರಸನಿಗೆ ಎಸಳುಗಳ ನಡುವೆ ಸತ್ತ ದುಂಬಿ ಕಾಣುತ್ತದೆ. ಸಂಜೆ ಹೂ ಮುಚ್ಚಿಕೊಳ್ಳುವ ಹೊತ್ತಿಗೆ ಹಾರಿಹೋಗಲಾರದೆ, ಗಂಧದ ಮೋಹದಲ್ಲಿ ಒಳಗೇ ಉಳಿದು ಸತ್ತದ್ದು. ಆರು ಖಂಡಗಳ ಒಡೆಯನು ಆ ಪುಟ್ಟ ದೇಹದಲ್ಲಿ ತನ್ನನ್ನೇ ಕಂಡನು. ಒಂದು ಇಂದ್ರಿಯಕ್ಕೆ ಸೋತ ಜೀವಕ್ಕೆ ಈ ಗತಿಯಾದರೆ, ಐದಕ್ಕೂ ಸೋತ ತನಗೇನು ಗತಿ? ಅವನು ರಾಜ್ಯವನ್ನು ತೊರೆದನು. ಜಿನಸೇನಾಚಾರ್ಯರ ಸಂಸ್ಕೃತ ಮಹಾಪುರಾಣದಿಂದ ಪಂಪನಿಗೆ ಬಂದ ಕಥೆ ಇದು. ಅಲ್ಲಿಯೇ ವಜ್ರಜಂಘನ ತಂದೆ ವಜ್ರಬಾಹುವು ಶರತ್ಕಾಲದ ಮೋಡವೊಂದು ಕಣ್ಣೆದುರೇ ಕರಗಿದುದನ್ನು ಕಂಡು ವಿರಕ್ತನಾಗುತ್ತಾನೆ. ನೀಲಾಂಜನೆಯ ಪ್ರಸಂಗ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ.

ಇದು ಪಂಪನೊಬ್ಬನ ರೀತಿಯೂ ಅಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ನಂದಿಸೇನ ಮುನಿಗಳ ಸಂನ್ಯಸನವನ್ನು ಹೇಳುವ, ಪಂಪನಿಗಿಂತ ಎರಡು ಶತಮಾನಗಳಿಗೂ ಹಿಂದಿನ ಶಾಸನ ಪದ್ಯವು ರೂಪ, ಭೋಗ, ಐಶ್ವರ್ಯಗಳನ್ನು ಮಳೆಬಿಲ್ಲು, ಮಿಂಚು, ಮಂಜುಗಳಿಗೆ ಹೋಲಿಸುತ್ತದೆ. ಅನಿತ್ಯಾನುಪ್ರೇಕ್ಷೆಯನ್ನು ಕಲಿಸಲು ನಮ್ಮ ಆಚಾರ್ಯರು ಆರಿಸಿಕೊಂಡದ್ದು ಕುರೂಪವಾದ ವಸ್ತುಗಳನ್ನಲ್ಲ. ಜಗತ್ತಿನಲ್ಲಿ ಅತ್ಯಂತ ಚೆಲುವಾದವುಗಳನ್ನು. ಮಳೆಬಿಲ್ಲಿನ ಚೆಲುವು ಮನಸ್ಸಿಗೆ ತಾಕದವನಿಗೆ ಅದು ಕರಗಿದ್ದರಿಂದ ಏನೂ ತಿಳಿಯುವುದಿಲ್ಲ. ಕಮಲದ ಕಂಪಿಗೆ ಬಾಗದ ಮುಖಕ್ಕೆ ಒಳಗಿನ ದುಂಬಿ ಕಾಣುತ್ತಿರಲಿಲ್ಲ. ಪ್ರಕೃತಿವರ್ಣನೆಯೆಲ್ಲ ರಾಗವರ್ಧಕ, ಶ್ರಾವಕರು ಅದರಿಂದ ದೂರವಿರಬೇಕು ಎನ್ನುವವರು ಈ ಅಂಶವನ್ನು ಯೋಚಿಸಬೇಕು. ಸಮವಸರಣದ ರಚನೆಯನ್ನೇ ನೋಡಿರಿ. ಹೊರಗಿನ ವಲಯಗಳಲ್ಲಿ ನೀರಿನ ಖಾತಿಕೆ, ಬಳ್ಳಿಗಳ ವನ, ಅಶೋಕ, ಸಪ್ತಪರ್ಣ, ಚಂಪಕ, ಆಮ್ರಗಳ ನಾಲ್ಕು ಉಪವನಗಳು. ಇವುಗಳನ್ನು ಹಾದೇ ಭವ್ಯಜೀವನು ಹನ್ನೆರಡು ಕೋಷ್ಠಗಳ ಸಭೆಯನ್ನು ಸೇರಬೇಕು. ಇಂದ್ರನು ಆ ವನಗಳನ್ನು ವ್ಯರ್ಥವಾಗಿ ರಚಿಸಲಿಲ್ಲ. ಅಲ್ಲಿಯೇ ಕುಳಿತುಬಿಡಲೆಂದೂ ರಚಿಸಲಿಲ್ಲ.

ಮರುಜನ್ಮದ ಸೊಗಸನ್ನು ಕುರಿತು ಎಚ್ಚರಿಕೆ ಬೇಕಾದವರು ಜನ್ನನ ‘ಯಶೋಧರ ಚರಿತೆ’ಯನ್ನು ಓದಬೇಕು. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಅರಸನು ನವಿಲಾಗಿ, ತಾಯಿಯು ನಾಯಿಯಾಗಿ ಹುಟ್ಟುತ್ತಾರೆ. ನವಿಲಿಗಿಂತ ಚೆಲುವಾದ ಪಕ್ಷಿ ಯಾವುದು? ತನ್ನದೇ ಅರಮನೆಗೆ, ತನ್ನದೇ ಮಗನ ಬಳಿಗೆ ಬಂದರೂ ಆ ಚೆಲುವು ಅವನ ದುಃಖವನ್ನು ಎಳ್ಳಷ್ಟೂ ಕಡಿಮೆ ಮಾಡಲಿಲ್ಲ. ಕೋಗಿಲೆಯ ಜನ್ಮವನ್ನು ಬಯಸುವ ಪದ್ಯದ ಪಕ್ಕದಲ್ಲಿ ಈ ನವಿಲನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.

ಹಾಗಾದರೆ ಬನವಾಸಿಯ ಮರಿದುಂಬಿಯನ್ನು ಕಮಲದ ಸತ್ತ ದುಂಬಿ ಸುಳ್ಳು ಮಾಡಿತೇ? ಹಾಗೆಂದು ನನಗೆ ತೋರುವುದಿಲ್ಲ. ಏಕೆಂದರೆ ನಮ್ಮ ಆಚಾರಶಾಸ್ತ್ರದಲ್ಲಿ ಮೂರನೆಯ ದುಂಬಿಯೊಂದಿದೆ. ಮುನಿಗಳ ಆಹಾರಚರ್ಯೆಗೆ ಭ್ರಾಮರೀವೃತ್ತಿಯೆಂಬ ಹೆಸರುಂಟು. ದುಂಬಿಯು ಹೂವಿಗೆ ನೋವಾಗದಂತೆ ತನಗೆ ಬೇಕಾದಷ್ಟನ್ನೇ ಹೀರಿ ಹೊರಡುವಂತೆ, ಮುನಿಯು ದಾತಾರನಿಗೆ ಬಾಧೆಯಾಗದಂತೆ ಆಹಾರವನ್ನು ಸ್ವೀಕರಿಸಿ ಹೊರಡುತ್ತಾನೆ. ಶ್ವೇತಾಂಬರರ ದಶವೈಕಾಲಿಕ ಸೂತ್ರದ ಮೊದಲ ಅಧ್ಯಯನದಲ್ಲಿಯೂ ಇದೇ ದೃಷ್ಟಾಂತವಿದೆ. ಅದೇ ಹೂ, ಅದೇ ಪರಿಮಳ, ಅದೇ ಜೀವಿ. ಒಂದು ಉಳಿಯಿತು, ಸತ್ತಿತು. ಇನ್ನೊಂದು ಹೀರಿ ಹಾರಿತು. ವಜ್ರದಂತನ ಕಮಲದಲ್ಲಿದ್ದ ತಪ್ಪು ಪರಿಮಳದ್ದಲ್ಲ, ಹೊರಡುವ ಹೊತ್ತನ್ನು ಮರೆತದ್ದು. ಬನವಾಸಿಯ ಮರಿದುಂಬಿ ಈ ಎರಡರಲ್ಲಿ ಯಾವ ದಾರಿಯನ್ನು ಹಿಡಿಯುವುದೆಂದು ಪಂಪನು ಹೇಳಲಿಲ್ಲ. ಅದು ಇನ್ನೂ ಮರಿ. ಅದರ ಮುಂದೆ ಹೂವೂ ಇದೆ, ರೆಕ್ಕೆಯೂ ಇದೆ. ಗೃಹಸ್ಥರಾದ ನಾವು ನಿಂತಿರುವುದೂ ಅಲ್ಲಿಯೇ.

ಈ ದೃಷ್ಟಿಯಿಂದ ನಮ್ಮ ಬಸದಿಗಳ ಶಾಸ್ತ್ರಸಭೆಗಳಿಗೆ ಒಂದು ಸೂಚನೆಯನ್ನು ಮಾಡಬಯಸುತ್ತೇನೆ. ಚಾತುರ್ಮಾಸದಲ್ಲಿ ಆದಿಪುರಾಣದ ವಾಚನವನ್ನಿಟ್ಟುಕೊಳ್ಳುವ ಟ್ರಸ್ಟುಗಳು ವರ್ಣನೆಯ ಭಾಗಗಳನ್ನು ಬಿಟ್ಟು ಕಥೆಯನ್ನೂ ಉಪದೇಶವನ್ನೂ ಮಾತ್ರ ಓದಿಸುವುದನ್ನು ಕಂಡಿದ್ದೇನೆ. ಕಾಲಾವಕಾಶ ಕಡಿಮೆಯೆಂಬುದು ಕಾರಣ. ಆದರೆ ಆದಿಪುರಾಣದಲ್ಲಿ ಧರ್ಮವನ್ನೂ ಕಾವ್ಯಧರ್ಮವನ್ನೂ ಅರಿಯಬೇಕೆಂಬುದು ಕವಿಯೇ ಇಟ್ಟ ಅಪೇಕ್ಷೆ. ವಸಂತವನ್ನೂ ವನವನ್ನೂ ಬಿಟ್ಟು ವೈರಾಗ್ಯವನ್ನು ಮಾತ್ರ ಕೇಳಿಸಿಕೊಂಡ ಸಭೆಯು, ಏನನ್ನು ಬಿಟ್ಟದ್ದಕ್ಕಾಗಿ ಅದು ವೈರಾಗ್ಯವಾಯಿತೆಂಬುದನ್ನು ಅರಿಯದೆಯೇ ಮನೆಗೆ ಹೋಗುತ್ತದೆ. ವಾಚನ ಎರಡು ದಿನ ಹೆಚ್ಚು ನಡೆದರೆ ನಷ್ಟವಿಲ್ಲ. ಹಾಗೆಯೇ, ಮನೆಯ ಹಿರಿಯರು ಹುಟ್ಟೂರಿನ ತೋಟವನ್ನೋ ಹೊಳೆಯನ್ನೋ ನೋಡಬೇಕೆಂದರೆ ಶಲ್ಯವೆಂಬ ಪದವನ್ನು ಅವಸರದಲ್ಲಿ ಬಳಸಬಾರದು. ವಾಹನಕ್ಕೆ ಹೇಳಿ ಕರೆದೊಯ್ಯಬೇಕು. ನೋಡಿದ ಕಣ್ಣು ತಣಿದು ತಾನಾಗಿ ಹಿಂದಿರುಗುವ ಸಂಭವವೇ ಹೆಚ್ಚು.

ಸತ್ತ ದುಂಬಿಯ ಕಥೆ ಅಲ್ಲಿಗೇ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು. ವಜ್ರದಂತನು ದೀಕ್ಷೆ ವಹಿಸಿದಾಗ ಅವನ ಮಗ ಅಮಿತತೇಜನೂ ರಾಜ್ಯ ಬೇಡವೆಂದು ಹೊರಟದ್ದರಿಂದ ಪಟ್ಟವು ಎಳೆಯ ಮೊಮ್ಮಗನಿಗೆ ಬಂದಿತು. ಆ ರಾಜ್ಯಕ್ಕೆ ನೆರವಾಗಲೆಂದು ಅಳಿಯ ವಜ್ರಜಂಘನೂ ಮಗಳು ಶ್ರೀಮತಿಯೂ ಹೊರಟರು. ದಾರಿಯಲ್ಲಿ ಕಾಡಿನ ನಡುವೆ ಸರೋವರದ ದಡದಲ್ಲಿ ಬೀಡುಬಿಟ್ಟಿದ್ದಾಗ ಇಬ್ಬರು ಚಾರಣಮುನಿಗಳು ಚರ್ಯೆಗೆ ಬಂದರು. ದಂಪತಿಗಳು ಭಕ್ತಿಯಿಂದ ಆಹಾರದಾನ ಮಾಡಿದರು. ಹುಲಿ, ಹಂದಿ, ಕೋತಿ, ಮುಂಗುಸಿ, ಈ ನಾಲ್ಕು ತಿರ್ಯಂಚಗಳು ಅಲ್ಲಿ ಶಾಂತವಾಗಿ ನಿಂತು ಅದನ್ನು ನೋಡಿ ಅನುಮೋದಿಸಿದವು. ಆ ಅನುಮೋದನೆಯ ಫಲವಾಗಿ ಮುಂದೆ ಅವು ಆದಿನಾಥಸ್ವಾಮಿಯ ಮಕ್ಕಳಾಗಿ ಹುಟ್ಟಿದವೆಂದು ಪುರಾಣ ಹೇಳುತ್ತದೆ. ವಜ್ರಜಂಘನ ಜೀವವೇ ಆದಿನಾಥನಾಯಿತು. ಶ್ರೀಮತಿಯ ಜೀವವು ಹಸ್ತಿನಾಪುರದ ಶ್ರೇಯಾಂಸನಾಯಿತು. ಜನ್ಮಜನ್ಮಗಳಲ್ಲಿ ಒಬ್ಬರನ್ನೊಬ್ಬರು ಹಂಬಲಿಸಿದ ಜೀವಗಳು ಇವು. ಸ್ವಯಂಪ್ರಭೆ ಲಲಿತಾಂಗರಾಗಿದ್ದ ಕಾಲದಿಂದ ಬಂದ ಹಂಬಲ ಅದು. ದೀಕ್ಷೆಯ ಬಳಿಕ ಆಹಾರವಿಧಿಯನ್ನು ಬಲ್ಲವರಿಲ್ಲದೆ ತಿಂಗಳುಗಟ್ಟಲೆ ನಿರಾಹಾರನಾಗಿ ವಿಹರಿಸುತ್ತಿದ್ದ ಮುನಿ ವೃಷಭನು ಹಸ್ತಿನಾಪುರಕ್ಕೆ ಬಂದಾಗ, ಅವನನ್ನು ಕಂಡ ಶ್ರೇಯಾಂಸನಿಗೆ ಜಾತಿಸ್ಮರಣೆಯಾಯಿತು. ಲಲಿತಾಂಗನೊಡನೆ ಕಳೆದ ಸ್ವರ್ಗದ ಭೋಗ ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ. ಕೆಲಸಕ್ಕೆ ಬಂದದ್ದು ಕಾಡಿನ ಸರೋವರದ ದಡದಲ್ಲಿ ಶ್ರೀಮತಿಯಾಗಿ ಮುನಿಗಳಿಗೆ ಆಹಾರ ಕೊಟ್ಟ ದಿನದ ನೆನಪು, ಆ ದಿನದ ವಿಧಿ. ಅವನು ಎದ್ದುಹೋಗಿ ವಿಧಿಯರಿತು ಸ್ವಾಮಿಯನ್ನು ಎದುರುಗೊಂಡು, ಕಬ್ಬಿನ ಹಾಲನ್ನು ಆ ಅಂಜಲಿಗೆ ಎರೆದನು.